ಹೆಂಚಿನ ಮನೆಯ ಮಲಗುವ ಕೋಣೆಗೆ ಸಿಮೆಂಟ್ ಬೋರ್ಡಿನ ಮುಚ್ಚಿಗೆ: ನನ್ನ ಅನುಭವ

ಗೆದ್ದಲು ತಿಂದ ಹಲಗೆಯ ಮುಚ್ಚಿಗೆ (ಸೀಲಿಂಗ್) ಕಿತ್ತು ಫೈಬರ್ ಸಿಮೆಂಟ್ ಬೋರ್ಡ್ ಹಾಕ್ತೇನೆ ಅಂದಾಗ ಬಡಗಿಯಿಂದ ಪೇಂಟರ್ ತನಕ ಎಲ್ಲರದೂ ಒಂದೇ ಮಾತು: ಹೆಂಚಿನ ಮಾಡಿನ ಕೆಳಗೆ ಜಾಯಿಂಟ್ ಒಡೆಯದೆ ಇರಲ್ಲ. ಮಳೆಗಾಲಗಳು ಕಳೆದವು, ಬಿರುಕಿಲ್ಲ. ಒಡೆಯಲು ಅಲ್ಲಿ ಜಾಯಿಂಟನ್ನು ಮುಚ್ಚಿಯೇ ಇಲ್ಲ.

ಹೆಂಚು ಹೊರುವ ಮರದ ಪಕ್ಕಾಸು, ರೀಪು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತವೆ. ಟೇಪ್ ಹಾಕಿ ಪುಟ್ಟಿ ಎಳೆದ ಸಂದು ಆ ಎಳೆತಕ್ಕೆ ನಿಲ್ಲುವುದಿಲ್ಲ. ಹಾಗಾಗಿ ಸಂದನ್ನು 6 ಎಂಎಂ ತೆರೆದೇ ಬಿಟ್ಟೆ. ಸಂದಿನ ಹಿಂದೆ ಸೀಲಿಂಗ್ ಸೆಕ್ಷನ್ (ಬೋರ್ಡಿಗೆ ಸ್ಕ್ರೂ ಹಿಡಿಯುವ ತಗಡಿನ ಪಟ್ಟಿ) ಎರಡೆರಡು ಜೋಡಿಸಿ, ಕಾಣುವ ಮುಖಕ್ಕೆ ಮೊದಲೇ ಕಂದು ಬಣ್ಣ ಹೊಡೆದಿದ್ದೆ. ಕೆಳಗಿನಿಂದ ಹಳೇ ಹಲಗೆ ಮುಚ್ಚಿಗೆಯದೇ ಚೌಕಟ್ಟಿನಂತೆ ಕಾಣುತ್ತದೆ.

ಜಿಪ್ಸಮ್ ಬೋರ್ಡಿನ ಮುಚ್ಚಿಗೆ ಪಕ್ಕದ ಕೋಣೆಯಲ್ಲಿತ್ತು. ಒಂದು ಹೆಂಚು ಜಾರಿದ್ದಕ್ಕೆ ನೀರು ನಿಂತು ಬೋರ್ಡ್ ಜೋತುಬಿತ್ತು, ಸಂದಿಗೆ ಕಪ್ಪು ಬೂಸ್ಟು. ಪಿವಿಸಿ ಹಾಳೆಗೆ ನೀರಿನ ಭಯವಿಲ್ಲ, ಆದರೆ ಹೆಂಚಿನ ಕಾವಿಗೆ ಬಾಗುತ್ತದೆ, ಮೇಲೆ ಇಲಿ ಓಡಿದರೆ ರಾತ್ರಿ ನಿದ್ದೆ ಇಲ್ಲ.

10ಕ್ಕೆ 12 ಅಡಿ ಕೋಣೆಗೆ 8 ಎಂಎಂ ಬೋರ್ಡ್, 8×4ರ ಹಾಳೆ. ಲೆಕ್ಕಕ್ಕೆ ನಾಲ್ಕು ಸಾಕು, ನಾನು ಐದು ತಂದೆ. ಮಧ್ಯದ ಸಾಲಿಗೆ 4×4, ಎರಡು ಬದಿಗೆ 4×3 ಬಂದರೆ ಎರಡೂ ಗೋಡೆಯತ್ತ ಒಂದೇ ಅಳತೆ. ಇಡೀ ಹಾಳೆ ಇಬ್ಬರಿಗೂ ಭಾರ, ಈ ತುಂಡನ್ನು ಒಬ್ಬ ಎತ್ತಿ ಹಿಡಿಯಬಹುದು. ಗ್ರೈಂಡರ್ ಹಾಕುವವರು ಅಂಗಳದಲ್ಲಿ, ಮಾಸ್ಕ್ ಹಾಕಿಯೇ ಕತ್ತರಿಸಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಸೆಕ್ಷನ್ 16 ಇಂಚಿಗೊಂದು. ಪಕ್ಕಾಸಿನ ಬದಿಗೆ ಸ್ಕ್ರೂ ಹಾಕಿದ ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯಿಂದ ತೂಗಬೇಕು, ತಳಕ್ಕೆ ಮೊಳೆ ಹೊಡೆದರೆ ಅಲುಗಿ ಕಿತ್ತುಬರುತ್ತದೆ. ಸುತ್ತಲಿನ ಚಾನೆಲ್‌ಗೆ ಗೋಡೆಯ ಕೆಂಪುಕಲ್ಲಿನ ಮೈಯಲ್ಲೇ ತೂತು ಕೊರೆಯಿರಿ. ಮಣ್ಣಿನ ಸಂದಿಗೆ ಬಿದ್ದ ಪ್ಲಗ್ ಕೈಯಲ್ಲೇ ಬರುತ್ತದೆ. ಬೋರ್ಡಿಗೆ ಮೊದಲೇ ತೂತು ಹಾಕಿ ಸ್ಕ್ರೂ ತಲೆ ಕೂರುವಷ್ಟು ಕೆರೆದುಕೊಳ್ಳಿ. ಅಂಚಿನಿಂದ ಅರ್ಧ ಇಂಚು, ಮೂಲೆಯಿಂದ ಎರಡು ಇಂಚು ಬಿಡದಿದ್ದರೆ ಚಕ್ಕೆ ಏಳುವುದು ಖಂಡಿತ. ಸ್ಕ್ರೂ ತಲೆ ಮುಚ್ಚುವ ಮಿಶ್ರಣ ನನ್ನದೇ, ಅದನ್ನಿಲ್ಲಿ ಬರೆಯುವುದಿಲ್ಲ.

ಏರಿಸುವ ಮುಂಚೆ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಕ್ಷಾರ ತಡೆಯುವ ಪ್ರೈಮರ್ ಬೇಕೇ ಬೇಕು. ಮೇಲ್ಮುಖ ಹಾಗೇ ಬಿಟ್ಟರೆ ಬೋರ್ಡ್ ತೇವ ಕುಡಿದು ಕೆಳಗಿನ ಪೇಂಟ್ ಸುಲಿಯುತ್ತದೆ.

ಸೆಕೆಗೆಂದು ಅರ್ಧ ಕೋಣೆಯ ಮೇಲೆ ಒಂದಿಂಚು ಥರ್ಮಾಕೋಲ್, ಇನ್ನರ್ಧಕ್ಕೆ ರೀಪಿನ ಕೆಳಗೆ ಫಾಯಿಲ್ ಫೋಮ್ ಹಾಕಿ ನೋಡಿದೆ. ಥರ್ಮಾಕೋಲನ್ನು ಇಲಿ ಪುಡಿ ಮಾಡಿ ಗೂಡು ಕಟ್ಟಿತು. ಫಾಯಿಲ್ ಉಳಿದಿದೆ, ಮಧ್ಯಾಹ್ನದ ಕಾವು ಆ ಬದಿಯಲ್ಲಿ ಕೈಗೇ ಕಮ್ಮಿ ಅನಿಸುತ್ತದೆ. ಗೋಡೆಯ ತಲೆಗೂ ಮಾಡಿಗೂ ನಡುವಿನ ಸಂದಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದ ಮೇಲೆ ಇಲಿ ನಿಂತಿತು, ಗಾಳಿ ಆಡುತ್ತಲೇ ಇದೆ.

ನನಗೆ ಆಗ ಆದ ಖರ್ಚು ಅಂದಾಜು: ಬೋರ್ಡ್ ಐದೂವರೆ ಸಾವಿರ, ಫ್ರೇಮ್ ನಾಲ್ಕು ಚಿಲ್ಲರೆ, ಕೂಲಿ ಐದು, ಪ್ರೈಮರ್, ಪೇಂಟ್, ಫಾಯಿಲ್ ಸೇರಿ ನಾಲ್ಕರ ಹತ್ತಿರ. ಚದರಡಿಗೆ 150 ರೂಪಾಯಿಯ ಸುಮಾರು. ಜಿಪ್ಸಮ್‌ಗೆ 100ರ ಒಳಗೆ ಹೇಳಿದ್ದರು, ಆದರೆ ಅದನ್ನು ಎರಡು ಸಲ ಹಾಕಬೇಕಾಗುತ್ತದೆ. ಮೂಲೆಯ ಒಂದು ತುಂಡಿಗೆ ಸ್ಕ್ರೂ ಬದಲು ಕೀಲು ಹಾಕಿ ಎರಡಡಿ ಬಾಗಿಲು ಮಾಡಿಕೊಳ್ಳಿ, ಮಂಗ ಹೆಂಚು ಸರಿಸಿದಾಗ ಒಳಗಿನಿಂದಲೇ ಸರಿಪಡಿಸಬಹುದು.