ಬ್ರಶ್ ಯಾರ ಕೈಯಲ್ಲಿರಬೇಕು?

ನಾನು ಶಿಶುವಿಹಾರದ ಟೀಚರ್. "ಎಲ್ಲರೂ ಹಲ್ಲುಜ್ಜಿದ್ರಾ?" ಎಂದು ಮಕ್ಕಳನ್ನು ದಿನಾ ಕೇಳುತ್ತಿದ್ದವಳು. ಅಂಥವಳ ಮಗನಿಗೇ ನಾಲ್ಕು ವರ್ಷಕ್ಕೆ ಎರಡು ದವಡೆ ಹಲ್ಲು ಹುಳುಕಾದವು. ಸುಳ್ಳೇಕೆ, ನಾಚಿಕೆಯಾಯಿತು.

ಹಲ್ಲಿನ ಡಾಕ್ಟರ್ ಬೈಯಲಿಲ್ಲ. "ಬ್ರಶ್ ಮಾಡೋದು ಯಾರು?" ಎಂದಷ್ಟೇ ಕೇಳಿದರು. "ಅವನೇ ಮಾಡ್ಕೋತಾನೆ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ನೆಟ್ಟಗೆ ಗೆರೆ ಎಳೆಯಲು ಬಾರದ ಕೈಗೆ ಹಿಂದಿನ ದವಡೆಯ ಮೂಲೆ ಹೇಗೆ ಸಿಗುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಏಳೆಂಟು ವರ್ಷದವರೆಗೂ ದೊಡ್ಡವರ ಕೈ ಬೇಕು ಎಂದರು ಡಾಕ್ಟರ್.

ಅಂದಿನಿಂದ ಮೊದಲ ಸರದಿ ಅವನದು, ಎರಡನೆಯದು ನನ್ನದು. ಅವನ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡರೆ ಬಾಯಿ ಪೂರ್ತಿ ಕಾಣುತ್ತದೆ. ಹಲ್ಲು ಹುಳುಕಾಗದಂತೆ ಕಾಯುವ ಫ್ಲೋರೈಡ್ ಇರುವ ಪೇಸ್ಟ್, ಬಟಾಣಿ ಕಾಳಿನಷ್ಟು. ಮೂರು ವರ್ಷದೊಳಗಿನ ಮಗುವಾದರೆ ಅಕ್ಕಿ ಕಾಳಿನಷ್ಟೇ ಸಾಕು. ಜಾಹೀರಾತಿನಲ್ಲಿ ಬ್ರಶ್ ತುಂಬ ಹಾಕುತ್ತಾರಲ್ಲ, ಅದನ್ನು ನಂಬಬೇಡಿ. ಉಜ್ಜಿದ ಮೇಲೆ ಉಗಿದರೆ ಆಯಿತು, ಮತ್ತೆ ಮತ್ತೆ ಬಾಯಿ ಮುಕ್ಕಳಿಸುವುದು ಬೇಡ. ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ಉಳಿಯಬೇಕು. ಬೆಳಿಗ್ಗೆ ಅವಸರದಲ್ಲಿ ಹೆಚ್ಚುಕಡಿಮೆ ಆದರೂ ರಾತ್ರಿಯದನ್ನು ನಾನು ಬಿಡುವುದಿಲ್ಲ. ನಿದ್ದೆಯಲ್ಲಿ ಬಾಯಲ್ಲಿ ನೀರೂರುವುದು ಕಡಿಮೆ, ಹಲ್ಲಿಗೆ ಕಾವಲೇ ಇರುವುದಿಲ್ಲ.

ತರಗತಿಯಲ್ಲೂ ನಾನು ತಿದ್ದಿಕೊಳ್ಳಬೇಕಾಯಿತು. ಸರಿಯಾಗಿ ಬರೆದವರಿಗೆ ಚಾಕೊಲೇಟ್ ಕೊಡುತ್ತಿದ್ದವಳು ನಾನೇ! ಈಗ ಅಂಗೈ ಮೇಲೆ ನಕ್ಷತ್ರದ ಮುದ್ರೆ ಒತ್ತುತ್ತೇನೆ. ಹುಟ್ಟುಹಬ್ಬದ ಸಿಹಿಯನ್ನು ನಿಲ್ಲಿಸಲಿಲ್ಲ, ಊಟದ ಜೊತೆಗೇ ತಿಂದು ಮುಗಿಸುತ್ತಾರೆ. ಜೇಬಿನಲ್ಲಿಟ್ಟುಕೊಂಡು ದಿನವಿಡೀ ಚೀಪುವುದೇ ಜಾಸ್ತಿ ಕೆಟ್ಟದ್ದು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಅಲ್ಲಿನ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಎಷ್ಟು ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದು ಮುಖ್ಯ.

ಕಷ್ಟವಾಗಿದ್ದು ಪಾಲಕರ ಜೊತೆ ಮಾತು. ಒಂದು ಹುಡುಗಿ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಳು, ಡಬ್ಬಿಯಲ್ಲಿ ಅರ್ಧ ಊಟ ಉಳಿಸುತ್ತಿದ್ದಳು. ಇಂಥದ್ದು ಮನೆಯವರಿಗಿಂತ ಮೊದಲು ನಮಗೆ ಕಾಣುತ್ತದೆ. "ಹಲ್ಲು ಹುಳುಕಾಗಿದೆ, ಗಮನ ಕೊಡಿ" ಎಂದು ಡೈರಿಯಲ್ಲಿ ಬರೆದುಬಿಟ್ಟೆ. ಅವಳ ಅಮ್ಮ ಒಂದು ವಾರ ನನ್ನ ಮುಖ ನೋಡಲಿಲ್ಲ. ಆಮೇಲೆ ಪಾಲಕರ ಸಭೆಯಲ್ಲಿ ಮೊದಲು ನನ್ನ ಮಗನ ಕಥೆ ಹೇಳಿದೆ. ಆಗ ಒಬ್ಬೊಬ್ಬರೇ ಬಾಯಿ ಬಿಟ್ಟರು. ಆ ಅಮ್ಮನೂ ಹೇಳಿದರು: ರಾತ್ರಿ ಬಾಟಲಿ ಹಾಲು ಇಲ್ಲದೆ ಮಗು ಮಲಗುವುದಿಲ್ಲವಂತೆ. ಬಿಡಿಸಲು ಕೆಲವು ವಾರ ಹಿಡಿಯಿತು, ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಹೆಚ್ಚಿಸುತ್ತಾ. ಮನೆಯಲ್ಲಿ ಅಜ್ಜಿಯನ್ನು ಒಪ್ಪಿಸುವುದೇ ಅದಕ್ಕಿಂತ ದೊಡ್ಡ ಕೆಲಸವಾಗಿತ್ತು ಅಂದರು.

"ಹೇಗೂ ಬಿದ್ದುಹೋಗೋ ಹಲ್ಲಲ್ವಾ ಮೇಡಂ?" ಎಂದರು ಒಬ್ಬ ತಂದೆ. ಹಾಲುಹಲ್ಲು ಒಟ್ಟು 20. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯವು 10-12 ವರ್ಷದವರೆಗೂ ಇರಬೇಕು. ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತದೆ, ಹೊಸದು ಬರಲು ಎಡೆ ಇರುವುದಿಲ್ಲ.

ಅವರಿಗೆ ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟೆ. ಮಗುವಿನ ಮೇಲ್ದುಟಿ ಎತ್ತಿ ವಸಡಿನ ಅಂಚು ನೋಡಿ. ಸುಣ್ಣದ ಹಾಗೆ ಬಿಳಿ ಗೆರೆ ಕಂಡರೆ ಅದು ಹುಳುಕಿನ ಶುರು. ಆ ಹಂತದಲ್ಲಿ ಡಾಕ್ಟರ್ ಹತ್ತಿರ ಹೋದರೆ ತಡೆಯಬಹುದು. ಗುಂಡಿ ಬಿದ್ದ ಮೇಲೆ ತಾನಾಗಿ ಸರಿಹೋಗುವುದಿಲ್ಲ.

ಮಗನಿಗೆ ಈಗ ಏಳು. ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ, ಹಿಂದುಗಡೆ ಹೊಸ ದವಡೆ ಹಲ್ಲು ಬಂದಿವೆ. ಇವು ಶಾಶ್ವತ. ಅವುಗಳ ಆಳವಾದ ಗೀರುಗಳಿಗೆ ಸೀಲಂಟ್, ಅಂದರೆ ಗೀರು ಮುಚ್ಚುವ ತೆಳುವಾದ ಲೇಪ, ಹಾಕಿಸಲು ಮುಂದಿನ ವಾರ ಹೋಗಬೇಕು. ಬ್ರಶ್ ಪೂರ್ತಿ ತನಗೇ ಬೇಕು ಎಂದು ಜಗಳ ಶುರು ಮಾಡಿದ್ದಾನೆ. ನಾನಿನ್ನೂ ಕೊಟ್ಟಿಲ್ಲ.