ಗೋದಲಿಗೆ ಪ್ಲಾಸ್ಟಿಕ್ ಹುಲ್ಲು ಹಾಸಬೇಡಿ

ಕಳೆದ ವರ್ಷ ಕ್ರಿಸ್ಮಸ್ ಮರುದಿನ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ನಾಲ್ಕು ಮನೆಗಳಿಗೆ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಕೊಡಲು ಹೋಗಿದ್ದೆ. ನಾಲ್ಕೂ ಮನೆಯ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ನೋಡಿ ಬೇಜಾರು ಮಾಡಿಕೊಂಡು ಬಂದೆ. ಎರಡು ಕಡೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ. ಮೂರನೆಯ ಮನೆಯಲ್ಲಿ ಹುಲ್ಲಿಗೆಂದು ರಾಗಿ ಹಾಕಿದ್ದರು, ಆದರೆ ಡಿಸೆಂಬರ್ ಒಂದಕ್ಕೇ ಹಾಕಿ, ಹಬ್ಬದ ಹೊತ್ತಿಗೆ ಪೈರೆಲ್ಲ ಹಳದಿಯಾಗಿ ಮಲಗಿತ್ತು. ನಾಲ್ಕನೆಯವರು ಇಪ್ಪತ್ತೆರಡಕ್ಕೆ ಹಾಕಿ, ಮೊಳಕೆಯೇ ಬರಲಿಲ್ಲ ಎಂದು ಅಂಗಡಿಯವನನ್ನು ಬೈಯುತ್ತಿದ್ದರು. ಅಂಗಡಿಯವನು ಏನು ಮಾಡಿಯಾನು? 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿಸಿದಾಗ ಅಲ್ಲಿ ನಿಜವಾದ ಹುಲ್ಲಿತ್ತು, ನಿಜವಾದ ಎತ್ತು ಕತ್ತೆಗಳಿದ್ದವು. ನಮಗೆ ಒಂದು ಹಿಡಿ ರಾಗಿ ಮೊಳೆಸಲು ಪುರುಸೊತ್ತಿಲ್ಲವೇ?

ಹನ್ನೆರಡನೇ ತಾರೀಕು ರಾತ್ರಿ ರಾಗಿ ನೆನೆಹಾಕಿ. ಹೊಸ ರಾಗಿ ಬೇಕು, ಡಬ್ಬಿಯ ತಳದಲ್ಲಿ ಎರಡು ವರ್ಷದಿಂದ ಬಿದ್ದದ್ದು ಬೇಡ. ತೇಲಿದ ಕಾಳುಗಳನ್ನು ಬಗ್ಗಿಸಿ ಚೆಲ್ಲಿ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿ, ಪಾತ್ರೆಯೊಳಗೆ ಮುಚ್ಚಿಡಿ. ಮರುದಿನ ಬಿಚ್ಚಿದರೆ ಕಾಳಿನ ತುದಿಯಲ್ಲಿ ಬಿಳಿ ಚುಕ್ಕೆ ಕಾಣಬೇಕು. ಚುಕ್ಕೆ ಮೂಡಿದೊಡನೆ ಹರಡಿ. ಬೇರು ಉದ್ದವಾದ ಮೇಲೆ ಮುಟ್ಟಿದರೆ ಮುರಿಯುತ್ತದೆ.

ತಟ್ಟೆಯಲ್ಲಿ ಮಣ್ಣು ಹಾಕಿ ಬಿತ್ತುವುದು ಎಲ್ಲರಿಗೂ ಗೊತ್ತು. ನನ್ನ ಅಮ್ಮ ಗುಡ್ಡ ಮಾಡುತ್ತಿದ್ದರು. ಬೆತ್ಲೆಹೇಮ್ ಗುಡ್ಡದ ಊರು, ಗೋದಲಿ ಸಪಾಟಾಗಿದ್ದರೆ ಕುರುಬರು ಇಳಿದು ಬರುವುದು ಎಲ್ಲಿಂದ ಎನ್ನುತ್ತಿದ್ದರು. ಅಂಚಿರುವ ತಟ್ಟೆಯಲ್ಲಿ ತೆಂಗಿನ ಗೆರಟೆಗಳನ್ನು ಕವುಚಿ ಇಡಿ, ಒಂದು ದೊಡ್ಡದು, ಪಕ್ಕಕ್ಕೆ ಎರಡು ಚಿಕ್ಕದು. ಮೇಲೆ ಹಳೆಯ ಹತ್ತಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿ. ಹತ್ತಿಯೇ ಆಗಬೇಕು, ಅದೂ ಚೆನ್ನಾಗಿ ಒಗೆದು ಮೆತ್ತಗಾದ ಮುಂಡು. ನೈಲಾನ್ ನೀರು ಎಳೆಯುವುದಿಲ್ಲ. ಬಟ್ಟೆಯನ್ನು ಪೂರ್ತಿ ನೆನೆಸಿಯೇ ಹೊದಿಸಿ. ಅದರ ಅಂಚು ಸುತ್ತಲೂ ತಟ್ಟೆಯ ನೀರಿಗೆ ತಾಗಿರಬೇಕು, ಮುಖ್ಯ ಇದೇ. ದೀಪದ ಬತ್ತಿ ಎಣ್ಣೆ ಏರಿಸಿದ ಹಾಗೆ ಬಟ್ಟೆ ತಾನೇ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಇರುವೆಯೂ ನೀರು ದಾಟಿ ಬರುವುದಿಲ್ಲ. ಮೊಳಕೆಯ ರಾಗಿಯನ್ನು ಅಂಗೈಯಲ್ಲಿ ತೆಗೆದುಕೊಂಡು, ಬಟ್ಟೆಯ ಮೇಲೆ ಕಾಳಿಗೆ ಕಾಳು ತಾಗುವಷ್ಟು ಒತ್ತಾಗಿ, ಆದರೆ ಒಂದೇ ಪದರವಾಗಿ ಮೆತ್ತಿ. ಒಂದರ ಮೇಲೊಂದು ಬಿದ್ದರೆ ಬೂಸ್ಟು ಹಿಡಿಯುತ್ತದೆ.

ಎರಡು ದಿನ ಬುಟ್ಟಿ ಕವುಚಿ ಕತ್ತಲೆಯಲ್ಲಿಡಿ. ಬುಟ್ಟಿ ತೆಗೆದಾಗ ಮಸುಕು ಹಳದಿ ಕಂಡರೆ ಹೆದರಬೇಡಿ, ಬೆಳಕಿಗೆ ಬಂದ ಒಂದೆರಡು ದಿನದಲ್ಲಿ ಹಸಿರಾಗುತ್ತದೆ. ನೀರನ್ನು ಬೆರಳಿನಿಂದ ಚಿಮುಕಿಸಿ, ಚೊಂಬಿನಿಂದ ಹೊಯ್ಯಬೇಡಿ, ಕಾಳೆಲ್ಲ ಜಾರಿ ತಟ್ಟೆಗೆ ಬೀಳುತ್ತದೆ. ನನ್ನ ಮೊಮ್ಮಗಳು ಹೊಯ್ದು ಅತ್ತದ್ದೂ ಆಯಿತು. ಪೈರು ಕಿಟಕಿಯ ಕಡೆಗೇ ವಾಲುವುದರಿಂದ ದಿನಕ್ಕೊಮ್ಮೆ ತಟ್ಟೆ ತಿರುಗಿಸಿ. ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಏಳುವಾಗ ತಿರುಗಿಸುತ್ತೇನೆ, ಆಗ ಮರೆಯುವುದಿಲ್ಲ. ಇಪ್ಪತ್ತನಾಲ್ಕಕ್ಕೆ ಬೆರಳುದ್ದದ ಹುಲ್ಲು ಗುಡ್ಡದ ತುಂಬ ನೆಟ್ಟಗೆ ನಿಂತಿರುತ್ತದೆ, ಮುಂಜಾನೆ ಪ್ರತಿ ಎಸಳಿನ ತುದಿಯಲ್ಲೂ ಒಂದೊಂದು ನೀರಹನಿ.

ಬಾಲ ಯೇಸುವಿನ ಮೂರ್ತಿಯನ್ನು ಈಗಿನವರು ಗೋದಲಿ ಕಟ್ಟಿದ ದಿನವೇ ಮಲಗಿಸಿಬಿಡುತ್ತಾರೆ. ನಡುರಾತ್ರಿಯ ಪೂಜೆ ಮುಗಿಸಿ ಬರುವ ತನಕ ಆ ಜಾಗ ಖಾಲಿ ಇರಲಿ, ಮಕ್ಕಳು ಕಾಯಲಿ.

ನಕ್ಷತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ, ದೀಪಾವಳಿಯ ಗೂಡುದೀಪ ಕಟ್ಟಲು ಬರುವವರಿಗೆ ಇದೂ ಬರುತ್ತದೆ. ಒಂದೇ ಅಳತೆಯ ಹತ್ತು ಬಿದಿರುಕಡ್ಡಿಗಳಲ್ಲಿ ಐದೈದರಂತೆ ಎರಡು ನಕ್ಷತ್ರ ಕಟ್ಟಿ, ಐದು ಮೂಲೆಗಳನ್ನೂ ಜೋಡಿಸಿ, ನಡುವೆ ಕಡ್ಡಿಗಳು ಅಡ್ಡ ಹಾಯುವ ಐದು ಕಡೆ ಗೇಣಿಗಿಂತ ಚಿಕ್ಕ ತುಂಡುಗಳನ್ನು ಆನಿಸಿದರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಬಲ್ಬು ಕಾಗದಕ್ಕೆ ತಾಗಬಾರದು. ಹಿಂದೆ ನಮ್ಮ ಮನೆಯಲ್ಲಿ ಬಿಸಿ ಬಲ್ಬು ತಾಗಿ ಕೆಂಪು ಕಾಗದ ಸುಟ್ಟು, ಹಬ್ಬದ ರಾತ್ರಿ ಒಂದು ಕಾಲು ಕಪ್ಪಗಾದ ನಕ್ಷತ್ರವೇ ತೂಗಾಡಿತು.

ಇನ್ನು ಶುಂಠಿ ವೈನ್. ಹೆಸರು ವೈನ್, ಅಮಲಿಲ್ಲ, ಮಕ್ಕಳಿಗೂ ಕೊಡಬಹುದು. ಬಲಿತ ಶುಂಠಿಯನ್ನು ಸಿಪ್ಪೆ ಕೆರೆದು ಜಜ್ಜಿ. ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ಪಾನಕ ಗಸಿಯಾಗುತ್ತದೆ. ಚೆಕ್ಕೆ, ನಾಲ್ಕು ಲವಂಗ, ಒಂದೆರಡು ಒಣಮೆಣಸು ಹಾಕಿ ನೀರಿನಲ್ಲಿ ಚೆನ್ನಾಗಿ ಕುದಿಸಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಅಲುಗಿಸದೆ ಮೇಲಿನ ತಿಳಿಯನ್ನು ಸೋಸಿಕೊಳ್ಳಿ, ತಳದ ಬಿಳಿ ಗಸಿ ಬೇಡ. ಅದಕ್ಕೆ ಸಕ್ಕರೆ ಹಾಕಿ ಪಾಕ ಮಾಡಿ, ಗಂಟಲಿಗೆ ಸಿಹಿ ಹೆಚ್ಚಾಯಿತು ಅನಿಸುವಷ್ಟು, ಕುಡಿಯುವಾಗ ನೀರು ಬೆರೆಸುತ್ತೀರಲ್ಲ. ಬಣ್ಣಕ್ಕೆ ಪುಡಿ ಹಾಕಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆಯನ್ನು ಬರಿದೇ ಕರಗಿಸಿ, ಕಡುಕೆಂಪಾಗಿ ಹೊಗೆ ಏಳಲು ಶುರುವಾದಾಗ ಒಲೆ ಆರಿಸಿ, ದೂರ ನಿಂತು ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ. ತಣ್ಣೀರು ಹಾಕಿದರೆ ಸಿಡಿದು ಕೈ ಸುಡುತ್ತದೆ. ಮಕ್ಕಳನ್ನು ಆಗ ಅಡುಗೆಮನೆಗೆ ಬಿಡಬೇಡಿ, ಅವರನ್ನು ಕಿಡಿಯೊ (ಸುರುಳಿ ಸುತ್ತಿ ಕರಿಯುವ ಸಿಹಿ ತಿಂಡಿ) ಸುತ್ತಲು ಕೂರಿಸಿ. ಅದಕ್ಕೂ ಮುಳ್ಳುಚಮಚದ ಬೆನ್ನಿಗೆ ಹಿಟ್ಟನ್ನು ತೆಳ್ಳಗೆ ಒತ್ತಬೇಕು, ದಪ್ಪಗಾದರೆ ಒಳಗೆ ಬೇಯುವುದಿಲ್ಲ. ನಿಂಬೆರಸ ಹಾಕುವುದು ಪಾಕ ಪೂರ್ತಿ ತಣಿದ ಮೇಲೆ, ಕುದಿಯುವಾಗ ಹಾಕಿದರೆ ಕಹಿ. ಬಾಟಲಿ ಬಿಸಿಲಿನಲ್ಲಿ ಒಣಗಿರಲಿ, ತುಂಬಿ ಫ್ರಿಜ್ಜಿನಲ್ಲಿಡಿ. ನಡುರಾತ್ರಿಯ ಚಳಿಯಲ್ಲಿ ಇಗರ್ಜಿಯಿಂದ ಬಂದವರಿಗೆ ಬಿಸಿನೀರು ಬೆರೆಸಿ ಕೊಡಿ.

ಗೋದಲಿಯನ್ನು ಜನವರಿ 6ರ ತನಕ, ಬಾಲ ಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬದ ತನಕ, ಬಿಚ್ಚಬೇಡಿ. ಅಷ್ಟರಲ್ಲಿ ಪೈರು ಬಾಡಿರುತ್ತದೆ, ಬಟ್ಟೆಯಿಂದ ಕಿತ್ತು ದನಕ್ಕೆ ಹಾಕಿ. ಬಟ್ಟೆ ಒಗೆದು ಒಣಗಿಸಿ, ಗೆರಟೆಗಳ ಜೊತೆ ಗೋದಲಿಯ ಪೆಟ್ಟಿಗೆಯಲ್ಲೇ ಇಡಿ. ಡಿಸೆಂಬರ್ ಹನ್ನೆರಡಕ್ಕೆ ಮನೆಯೆಲ್ಲ ಹುಡುಕುವುದು ತಪ್ಪುತ್ತದೆ.