ಟೊಂಕನೋವಿದ್ದವರು ಜೋಲಿ ಹೊಡೆಯುವುದೇಕೆ, ಸರಿಮಾಡಿಕೊಳ್ಳುವುದು ಹೇಗೆ

ಮೂರು ತಿಂಗಳು ದಾಟಿದ ಟೊಂಕನೋವಿದ್ದವರು ಹೊಲದ ಬದುವಿನ ಮೇಲೆ ನಡೆಯುವುದನ್ನು ಗಮನಿಸಿ. ಒಂದು ಕೈ ಟೊಂಕದ ಮೇಲೆ, ಕಣ್ಣು ನೆಲದಲ್ಲಿ. ಉಸಿರು ಅರ್ಧಕ್ಕೇ ನಿಂತಿರುತ್ತದೆ, ಚಪ್ಪಲಿಯೊಳಗೆ ಕಾಲ್ಬೆರಳು ಮುದುಡಿರುತ್ತವೆ. ಬಹಳ ಮಂದಿಯಲ್ಲಿ ಕಾಲಿನ ಬಲಕ್ಕೇನೂ ಕೊರತೆ ಇರುವುದಿಲ್ಲ. "ಎಲ್ಲಿ ಟೊಂಕ ಹಿಡಕೋತೈತೋ" ಎಂಬ ಅಂಜಿಕೆ ಮೈಯನ್ನು ಹಲಗೆ ಮಾಡಿರುತ್ತದೆ.

ನೆಟ್ಟಗೆ ನಿಂತವರೂ ಸದಾ ಸಣ್ಣಗೆ ತೂಗಾಡುತ್ತಲೇ ಇರುತ್ತಾರೆ. ಕಣ್ಣು, ಒಳಕಿವಿ, ಪಾದ ಮತ್ತು ಬೆನ್ನಿನ ಸ್ನಾಯು ಕೊಡುವ ಸುದ್ದಿ ಹಿಡಿದು ಮಿದುಳು ಕಣಕಾಲಿನಲ್ಲೂ ಚಪ್ಪೆಯ ಕೀಲಿನಲ್ಲೂ ಆಯ ತಿದ್ದುತ್ತಿರುತ್ತದೆ. ಅಂಜಿದಾಗ ಹೊಟ್ಟೆ, ಬೆನ್ನಿನ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ, ಚಪ್ಪೆ ಅಲುಗುವುದಿಲ್ಲ. ಸುಮ್ಮನೆ ನಿಂತಾಗ ಕೆಲವರು ಹೆಚ್ಚು ಓಲಾಡುತ್ತಾರೆ, ಕೆಲವರು ಸೆಟೆದುಕೊಂಡು ಬೇರೆಯವರಿಗಿಂತ ಕಡಿಮೆಯೇ ಓಲಾಡುತ್ತಾರೆ. ಇದನ್ನು ನೋಡಿ ಮೋಸ ಹೋಗಬಾರದು. ಬಸ್ಸಿಗೆ ಬ್ರೇಕ್ ಬಿದ್ದಿತೆಂದರೆ ತಿದ್ದಲು ಬಾರದೆ ಇಡೀ ಮೈ ಒಮ್ಮೆಲೇ ವಾಲುತ್ತದೆ. "ಅಲುಗದೆ ನಿಲ್ಲು" ಎನ್ನುವುದು ತಪ್ಪು ಸಲಹೆ.

ಅಭ್ಯಾಸಕ್ಕೆ ಮೊದಲು ಒಂದು ಮಾತು. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ತೊಡೆಸಂದಿ ಜೋಮು ಹಿಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೂ, ಪ್ರಿಗಾಬಲಿನ್‌ನಂಥ ನರನೋವಿನ ಮಾತ್ರೆಯಿಂದ ತಲೆ ತಿರುಗುತ್ತಿದ್ದರೂ ಜೋಲಿ ಹೋಗುತ್ತದೆ. ಅದನ್ನು ವೈದ್ಯರಿಗೆ ಹೇಳಿ. ಮಾತ್ರೆ ತಾವಾಗಿಯೇ ಬಿಡಬಾರದು.

ಈಗ ಪರೀಕ್ಷೆ. ಜಾರದ ನೆಲದಲ್ಲಿ, ಗೋಡೆಯ ಮೂಲೆಗೆ ಬೆನ್ನು ಮಾಡಿ, ಮುಂದೆ ಒಂದು ಕುರ್ಚಿ ಇಟ್ಟುಕೊಂಡು ಬರಿಗಾಲಲ್ಲಿ ನಿಲ್ಲಿ. ಪಾದ ಜೋಡಿಸಿ 30 ಸೆಕೆಂಡು, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ 30 ಸೆಕೆಂಡು, ಆಮೇಲೆ ಒಂಟಿಗಾಲಲ್ಲಿ ಎಷ್ಟಾಗುತ್ತದೋ ಅಷ್ಟು. ಇದೇ ಮೂರನ್ನೂ ಏಳರ ಮಗ್ಗಿ ಹೇಳುತ್ತ ಮತ್ತೊಮ್ಮೆ ಮಾಡಿ. ಮಗ್ಗಿ ಹೇಳುವಾಗ ನಿಲುವು ಸುಧಾರಿಸಿದರೆ, ಟೊಂಕದ ಮೇಲೆ ಇಟ್ಟ ಅತಿಯಾದ ಲಕ್ಷ್ಯವೇ ಕಾಟ ಕೊಡುತ್ತಿರಬಹುದು. ಸಮಯ ಬರೆದಿಡಿ.

ಅಭ್ಯಾಸ ಉಸಿರಿನಿಂದ ಶುರು. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಎರಡು ನಿಮಿಷ. ಹೊಟ್ಟೆಯ ಮೇಲಿಟ್ಟ ಕೈ ಏಳಬೇಕು, ಇಳಿಯಬೇಕು. ನಂತರ ತಂಬಿಗೆಯಲ್ಲಿ ಮುಕ್ಕಾಲು ನೀರು ತುಂಬಿ ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ಹಿಮ್ಮಡಿ-ಹೆಬ್ಬೆರಳು ಸಾಲಿನಲ್ಲಿ ನಿಲ್ಲಿ. ಲಕ್ಷ್ಯ ನೀರಿನ ಮೇಲಿರಲಿ, ಬೆನ್ನಿನ ಮೇಲೆ ಬೇಡ. ನೀರಿನ ಮಟ್ಟ ಸ್ವಲ್ಪ ತುಳುಕಿದರೆ ತಪ್ಪೇನಿಲ್ಲ, ಚಪ್ಪೆ ಅಲುಗಿ ತಿದ್ದಿಕೊಳ್ಳುತ್ತಿದೆ ಎಂದರ್ಥ. ಉಸಿರು ಕಟ್ಟಿದಿರೋ, ನೀರು ನಡುಗಿ ಸಣ್ಣ ಸಣ್ಣ ಉಂಗುರ ಏಳುತ್ತವೆ. 30 ಸೆಕೆಂಡಿನ ಮೂರು ಸುತ್ತು, ನಡುವೆ ಒಂದು ನಿಮಿಷ ವಿಶ್ರಾಂತಿ, ವಾರಕ್ಕೆ ಐದು ದಿನ. ಮೂರು ಸುತ್ತೂ ಹಗುರಾದ ಮೇಲೆ ಕೌದಿಯನ್ನು ನಾಲ್ಕು ಮಡಿಕೆ ಹಾಕಿ ಅದರ ಮೇಲೆ ನಿಲ್ಲಿ.

ಅಸಲಿ ಕೆಲಸ ಅಂಜಿಕೆಯ ಮೆಟ್ಟಿಲಿನದು. ಕಾಗದದಲ್ಲಿ ಎಂಟು ಕೆಲಸ ಬರೆದು ಅಂಜಿಕೆಗೆ 0ಯಿಂದ 10ರವರೆಗೆ ಅಂಕ ಕೊಡಿ. ಕೈಯಾಸರೆ ಇಲ್ಲದೆ ಹೊಸ್ತಿಲು ದಾಟುವುದು 2, ಬಗ್ಗಿ ಐದು ಕಿಲೋ ಜೋಳದ ಚೀಲ ಎತ್ತುವುದು 4, ಬದುವಿನ ಮೇಲೆ ನಡಿಗೆ 6, ಓಡುವ ಬಸ್ಸಿನಲ್ಲಿ ನಿಲ್ಲುವುದು 7, ಗೋಳಗುಮ್ಮಟದ ಕಿರಿದಾದ ಮೆಟ್ಟಿಲು ಇಳಿಯುವುದು 9 ಎಂದಿರಬಹುದು. 3-4 ಅಂಕದಿಂದ ಆರಂಭಿಸಿ. ಮೊದಲು "ಏನಾದೀತು" ಎಂದು ಬರೆಯಿರಿ, ಮುಗಿದ ಮೇಲೆ "ಏನಾಯಿತು" ಎಂದು ಪಕ್ಕದಲ್ಲೇ ಬರೆಯಿರಿ. ಅಂಕ ಅರ್ಧಕ್ಕಿಳಿಯುವ ತನಕ ಅದೇ ಮೆಟ್ಟಿಲು. ಮನೆಯೊಳಗಿನ ಕೆಲಸಕ್ಕೆ ಗೋಡೆ ಕೈಗೆಟುಕುವಷ್ಟು ಹತ್ತಿರ ಇರಲಿ, ಆದರೆ ಮುಟ್ಟಬೇಡಿ. ಮುಟ್ಟಿದರೆ ಬೀಳದ ಶ್ರೇಯಸ್ಸನ್ನು ಮಿದುಳು ಗೋಡೆಗೇ ಕೊಟ್ಟುಬಿಡುತ್ತದೆ. ಹಿಂದೊಮ್ಮೆ ಬಿದ್ದವರು, 65 ದಾಟಿದವರು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಳ್ಳಲೇಬೇಕು.

ಕೆಡುವುದು ಹೆಚ್ಚಾಗಿ ಒಳ್ಳೆಯ ದಿನಗಳಲ್ಲಿ. ನೋವಿಲ್ಲವೆಂದು ಎರಡು ದಿನದ ಕಬ್ಬು ಒಂದೇ ದಿನ ಕಡಿದು, ನಾಲ್ಕು ದಿನ ಹಾಸಿಗೆ ಹಿಡಿದರೆ ಅಂಜಿಕೆ ದುಪ್ಪಟ್ಟಾಗುತ್ತದೆ. ಕೆಲಸವನ್ನು ನೋವಿನಿಂದ ಅಳೆಯದೆ ಗಡಿಯಾರದಿಂದ ಅಳೆಯಿರಿ. ಹತ್ತರಲ್ಲಿ ಐದರವರೆಗಿನ ನೋವು ಮರುದಿನ ಬೆಳಗ್ಗೆ ಮೊದಲಿನಂತಾದರೆ ಮುಂದುವರಿಸಿ, ಆಗದಿದ್ದರೆ ಅರ್ಧ ಕಡಿಮೆ ಮಾಡಿ.

ಇನ್ನು ಎಂಆರ್‌ಐ ಚೀಟಿ. "ಡಿಸ್ಕ್ ಸವೆದಿದೆ" ಎಂಬ ಒಂದೇ ಸಾಲು ಎಷ್ಟೋ ಜನರನ್ನು ಮಂಚಕ್ಕೆ ಕಟ್ಟಿಹಾಕಿದೆ. ನೋವೇ ಇಲ್ಲದ 50 ವರ್ಷದವರಲ್ಲೂ ಸುಮಾರು ಶೇ 80 ಮಂದಿಗೆ ಇಂಥ ಸವೆತ ಕಾಣುತ್ತದೆ. "ಅವ್ವಾ, ನೀ ಬಗ್ಗಬ್ಯಾಡ, ನಾ ಎತ್ತತೀನಿ" ಎನ್ನುವ ಮಕ್ಕಳ ಅಕ್ಕರೆಯೂ ಅಂಜಿಕೆಯನ್ನು ಬೆಳೆಸುತ್ತದೆ. ಅದರ ಬದಲು "ಎತ್ತು, ನಾ ಇಲ್ಲೇ ಅದೀನಿ" ಎನ್ನಲಿ. ಎರಡು ವಾರ ನಿದ್ದೆಗೆಟ್ಟು ಯಾವುದರಲ್ಲೂ ಮನಸ್ಸಿಲ್ಲದಂತಾದರೆ ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಎರಡು ವಾರಕ್ಕೊಮ್ಮೆ ಅದೇ ಮೂಲೆಯಲ್ಲಿ, ಅದೇ ಹೊತ್ತಿಗೆ ಪರೀಕ್ಷೆ ಮಾಡಿ ಸಮಯ ಬರೆಯಿರಿ. ಬೆಳಗ್ಗೆ ಎದ್ದ ಕೂಡಲೇ ಬೇಡ, ಆಗ ಟೊಂಕ ಬಿಗಿದಿರುತ್ತದೆ.